ಅಂಟಕ್ಕನ ಪರೀಕ್ಷೆಯ ಗೋಡೆ

ಅಂಟಕ್ಕನಿಗೆ ಆ ಹೆಸರು ಬಂದದ್ದು ಒಬ್ಬ ಪೊಲೀಸಿನವನ ಬಾಯಿಂದ. ಬೆಳಿಗ್ಗೆ ಆರಕ್ಕೆ ಬಂದು ನಮ್ಮ ಪೋಸ್ಟರ್ ಕೀಳಲು ನಿಂತವನು, ಏಳೂವರೆಯಾದರೂ ಒಂದು ಮೂಲೆಯನ್ನೂ ಎಬ್ಬಿಸಲಾಗದೆ, ಉಗುರು ಮುರಿದುಕೊಂಡು ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಬಂದು ಕುಕ್ಕರಿಸಿದ. ಪೋಸ್ಟರ್ ಅಂಟಿಸುವವರು ಬೈಂಡಿಂಗ್ ಕಾರ್ಖಾನೆಯ ಹೆಂಗಸರು ಅಂತ ಅವನಿಗೂ ಗೊತ್ತಿತ್ತು.

"ಆ ಅಂಟಿನ ಅಕ್ಕ ಯಾರೋ, ಸಿಕ್ಕಿದ್ರೆ ಕಾಲಿಗೆ ಬಿದ್ದು ಕೇಳ್ತೀನಿ, ಅದರೊಳಗೆ ಏನು ಹಾಕ್ತೀಯಮ್ಮ ಅಂತ" ಅಂದ.

ಅಕ್ಕ ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು ಟೀ ಊದುತ್ತಿದ್ದಳು. ಮೊಣಕೈವರೆಗೂ ಅಂಟು ಒಣಗಿ ಬೆಳ್ಳಗಾಗಿತ್ತು. "ಮೈದಾ ಇರಬೇಕು ಸ್ವಾಮಿ" ಅಂದಳು, ಅವನ ಮುಖವನ್ನೇ ನೋಡಿ.

ಅವಳು ಸುಳ್ಳು ಹೇಳಿರಲಿಲ್ಲ. ಮೈದಾ, ನೀರು, ಹುಳ ಹಿಡಿಯದಿರಲಿ ಅಂತ ಒಂದು ಚಿಟಿಕೆ ಮೈಲುತುತ್ತ. ಅಷ್ಟೇ. ನಲವತ್ತು ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ಶಾಲೆಯ ನೋಟ್‌ಬುಕ್ ಮಡಚಿ ಹೊಲಿಯುವ ಕಾರ್ಖಾನೆ ಅದು. ಹಿತ್ತಲ ಕಡೆ ಒಂದು ಸಣ್ಣ ಕೋಣೆಯಲ್ಲಿ ಅಂಟು ಕಾಸುವುದು ಅಂಟಕ್ಕನ ಕೆಲಸ. ಹಬೆ, ಹುಳಿವಾಸನೆ ತಡೆಯಲಾಗದೆ ಮಾಲೀಕ ಆ ಕಡೆ ತಲೆ ಹಾಕುತ್ತಿರಲಿಲ್ಲ. ಹಾಗಾಗಿ ನಮ್ಮ ಚಳವಳಿಯ ಅಂಟೂ ಅಲ್ಲೇ ಕುದಿಯುತ್ತಿತ್ತು, ಮಾಲೀಕನ ಸೌದೆಯಲ್ಲೇ. ಅವಳ ಗುಟ್ಟೆಲ್ಲ ಕೈ ಬಿಡದೆ ತಿರುಗಿಸುವುದರಲ್ಲಿತ್ತು. "ಅಂಟು ಕಾಸುವಾಗ ಮಾತಾಡಬಾರದು. ಮಾತಾಡಿದ್ರೆ ಗಂಟು" ಅನ್ನುತ್ತಿದ್ದಳು. ಭಾಷಣ ಮಾಡುವ ನಮಗೆ ಅದು ತಾಗಲಿ ಅಂತಲೇ ಹೇಳುತ್ತಿದ್ದಳೋ ಏನೋ.

ಅವಳದು ಒಂದು ಪದ್ಧತಿ ಇತ್ತು. ಪ್ರತಿ ಹೋರಾಟಕ್ಕೂ ಮುಂಚೆ ಹೊಸ ಹದ ಕಾಸಿದ ದಿನ, ಮುದ್ರಣದಲ್ಲಿ ಕೆಟ್ಟ ಕಾಗದವೋ ಹಳೆಯ ಪೋಸ್ಟರೋ, ಕೈಗೆ ಸಿಕ್ಕಿದ್ದೊಂದನ್ನು ಅಂಟು ಕೋಣೆಯ ಒಳಗೋಡೆಗೆ ಅಂಟಿಸುವಳು. ಮಾರನೇ ದಿನ ಹೆಬ್ಬೆರಳಿನ ಉಗುರಿನಿಂದ ಅದರ ಮೂಲೆ ಕೆರೆದು ನೋಡುವಳು. ಎದ್ದರೆ ಇಡೀ ಹಂಡೆ ಚರಂಡಿಗೆ. ಏಳದಿದ್ದರೆ ಬಕೆಟ್ಟಿಗೆ. ಕಾರ್ಖಾನೆಯ ಅಂಟಿಗೆ ಈ ಪರೀಕ್ಷೆ ಇರಲಿಲ್ಲ. "ನೋಟ್‌ಬುಕ್ ಕಿತ್ತುಹೋದ್ರೆ ಮಾಲೀಕನ ತಲೆನೋವು, ಪೋಸ್ಟರ್ ಕಿತ್ತುಹೋದ್ರೆ ನನ್ನದು." ಕಿಟಕಿಯ ಪಕ್ಕ, ಎದೆಯ ಎತ್ತರಕ್ಕೆ, ಯಾವಾಗಲೂ ಅದೇ ಜಾಗ. ಹಳೆಯದರ ಮೇಲೆ ಹೊಸದು. ಹೋರಾಟ ಕಳೆದಷ್ಟೂ ಆ ಗೋಡೆ ದಪ್ಪವಾಗುತ್ತ ಹೋಯಿತು.

ನಮ್ಮ ಮೊದಲ ಹೋರಾಟ ಕಕ್ಕಸಿನದು. ಈಗಿನವರಿಗೆ ನಗು ಬರಬಹುದು. ನಲವತ್ತು ಹೆಂಗಸರಿಗೆ ಒಂದೂ ಕಕ್ಕಸು ಇರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಒಳಗೆ ಬಂದರೆ ಸಂಜೆ ಆರಕ್ಕೆ ಹೊರಗೆ. ನೀರೇ ಕುಡಿಯದೆ ಕೂರುತ್ತಿದ್ದರು. ಉರಿಮೂತ್ರವಿಲ್ಲದ ಹೆಂಗಸು ಅಲ್ಲಿ ಒಬ್ಬಳೂ ಇರಲಿಲ್ಲ.

ಪೋಸ್ಟರ್ ಬರೆದವಳು ಅಂಟಕ್ಕನ ತಂಗಿ. ಅಕ್ಕ ಎಲ್ಲರಿಗೂ ಅಂಟಕ್ಕ ಆದ ಹಾಗೆ ಅವಳು ಎಲ್ಲರಿಗೂ ತಂಗಿ. ಅದೇ ಕಾರ್ಖಾನೆಯಲ್ಲಿ ಕಾಗದ ಮಡಚುತ್ತಿದ್ದಳು. ಕಟ್ಟು ಸುತ್ತಿ ಬರುವ ದಪ್ಪ ಕಂದು ಕಾಗದದ ಮೇಲೆ, ಪಕ್ಕದ ಮುದ್ರಣಾಲಯದಿಂದ ತಂದ ಕಪ್ಪು ಮಸಿಯಲ್ಲಿ, ಬ್ರಷ್ಷಿನಿಂದ ಬರೆದು ತಂದಳು. ಒಬ್ಬ ಹೆಂಗಸು ಚಕ್ಕಳಮಕ್ಕಳ ಹಾಕಿ ಕೂತಿದ್ದಾಳೆ. ಬೆನ್ನು ಸೆಟೆದಿದೆ. ತೊಡೆಯ ಮೇಲೆ ಮಡಚುವ ಕಾಗದದ ರಾಶಿ. ಕಣ್ಣು ಅರ್ಧ ಮುಚ್ಚಿದೆ, ತುಟಿ ಬಿಗಿದಿದೆ. ಕೆಳಗೆ ಒಂದೇ ಸಾಲು: ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ.

ನಮ್ಮ ಸಮಿತಿಯಲ್ಲಿ ಆರು ಜನ, ಆರೂ ಗಂಡಸರು. ನಾನು ಕಾರ್ಯದರ್ಶಿ. ಚಿತ್ರ ನೋಡಿ ಮೊದಲು ಬಾಯಿ ಹಾಕಿದವನೂ ನಾನೇ.

"ಇವಳು ಹೋರಾಟ ಮಾಡ್ತಿದಾಳೋ, ತೂಕಡಿಸ್ತಿದಾಳೋ? ಬಾಯಿ ತೆರೆಸು. ಒಂದು ಕೈ ಮೇಲೆತ್ತಿಸು, ಮುಷ್ಟಿ ಕಟ್ಟಿಸು."

ತಂಗಿ ಹೇಳಿದಳು: "ಬಾಯಿ ತೆರೆದು ಕೂಗಿದ್ರೆ ಕೆಳಗೆ ಬಿಟ್ಟುಹೋಗುತ್ತೆ ಅಣ್ಣ. ನಿಮಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು. ಒಂದು ಗೋಡೆ ಸಿಕ್ಕರೆ ಸಾಕು ನಿಮಗೆ."

ಎಲ್ಲರೂ ನಕ್ಕೆವು. ನಕ್ಕು, ಬೇರೆ ಬರೆಸಿದೆವು. ಬಾಯಿ ತೆರೆದ, ಮುಷ್ಟಿ ಎತ್ತಿದ ಹೆಂಗಸು ಐನೂರು ಪ್ರತಿ ಅಚ್ಚಾಯಿತು. ಹತ್ತೊಂಬತ್ತು ದಿನ ಕೆಲಸ ನಿಂತಿತು. ಕಕ್ಕಸು ಬಂತು. ಬಾಗಿಲಿಗೆ ರಿಬ್ಬನ್ ಕಟ್ಟಿ ಅಂಟಕ್ಕನ ಕೈಯಲ್ಲೇ ಕತ್ತರಿಸಿದೆವು. ಒಳಗೆ ಹೋದವಳು ಅರ್ಧ ಗಂಟೆ ಹೊರಗೆ ಬರಲಿಲ್ಲ. ಬಾಗಿಲು ಬಡಿದರೆ, "ಕಾಯಿರೀ, ಹತ್ತು ವರ್ಷದ್ದಿದೆ" ಅಂತ ಒಳಗಿನಿಂದ ಕೂಗಿದಳು.

ಬೇಡವಾದ ಆ ಮೊದಲ ಚಿತ್ರ ಏನಾಯಿತು ಅಂತ ನಾನು ಕೇಳಲಿಲ್ಲ. ಕೇಳಬೇಕು ಅಂತ ಹೊಳೆಯಲೂ ಇಲ್ಲ. ಎರಡು ವರ್ಷದ ಮೇಲೆ ತಂಗಿ ಎದೆಯ ಕಾಯಿಲೆಯಿಂದ ಸತ್ತಳು. ಇಪ್ಪತ್ತಾರು ವಯಸ್ಸು. ಮುಷ್ಕರದ ದಿನ ಎಲ್ಲರೂ ನಿಂತು ತೆಗೆಸಿಕೊಂಡ ಫೋಟೋ ಒಂದಿದೆ. ಅದರಲ್ಲಿ ತಂಗಿ ಬ್ಯಾನರ್ ಹಿಡಿದವರ ಹಿಂದೆ ಸಿಕ್ಕಿಹಾಕಿಕೊಂಡು ಹಣೆ ಮಾತ್ರ ಕಾಣುತ್ತದೆ. ಆ ಬ್ಯಾನರಿನ ಮೇಲೆ ದೊಡ್ಡ ಅಕ್ಷರದಲ್ಲಿ ನನ್ನ ಘೋಷಣೆ. ಅವಳ ಬೇರೆ ಚಿತ್ರಗಳನ್ನೆಲ್ಲ ಪೊಲೀಸರು ಒಂದು ದಿನ ಗೋಣಿಚೀಲದಲ್ಲಿ ತುಂಬಿಕೊಂಡು ಹೋದರು. ವಾಪಸ್ ಬರಲಿಲ್ಲ.

ಇದೆಲ್ಲ ಆಗಿ ಮೂವತ್ತು ವರ್ಷಕ್ಕೆ ಚಳವಳಿ ತಾನಾಗಿಯೇ ತಣ್ಣಗಾಯಿತು. ಕಾರ್ಖಾನೆ ಮುಚ್ಚಿತು. ಕೆಲವರು ಸತ್ತರು, ಕೆಲವರು ಪಕ್ಷ ಸೇರಿದರು, ಎರಡಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ನಮಗೆ ಉಳಿದದ್ದು ವಾಚನಾಲಯ ಒಂದೇ. ಮಹಡಿಯ ಮೇಲೆ ಒಂದು ಉದ್ದ ಕೋಣೆ, ಕುಂಟುವ ಎರಡು ಮೇಜು, ಚುನಾವಣೆಯ ಫಲಿತಾಂಶ ನೋಡಲೆಂದು ಚಂದಾ ಎತ್ತಿ ಕೊಂಡ ಒಂದು ಟಿ.ವಿ. ಭಾನುವಾರ ಮಧ್ಯಾಹ್ನ ಆರೇಳು ಜನ ಬಂದು ಒಂದೇ ಪತ್ರಿಕೆಯನ್ನು ಹಂಚಿಕೊಂಡು ಓದುತ್ತಿದ್ದೆವು.

ಅಲ್ಲಿಗೆ ಡ್ರಾಯಿಂಗ್ ಮೇಷ್ಟ್ರು ಒಂದು ರಟ್ಟಿನ ಪೆಟ್ಟಿಗೆ ಹೊತ್ತು ತಂದರು. ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತೈದು ವರ್ಷ ಮಡಕೆ, ಮಾವಿನಹಣ್ಣು ಬರೆಸಿ ನಿವೃತ್ತರಾದವರು. ಯಾವುದೋ ವಸ್ತುಸಂಗ್ರಹಾಲಯದವರು ಶಾಲೆಗಳಿಗೆಂದು ಮಾಡಿದ ವಿಡಿಯೊ ಪಾಠಗಳು, ಇಪ್ಪತ್ತಾರು ಡಿಸ್ಕು. ಬೌದ್ಧರ ಕಲೆ, ಚೀನಿಯರ ಕಲೆ. ಶಾಲೆಯವರು ಗುಜರಿಗೆ ಹಾಕಲು ಹೊರಟಿದ್ದರಂತೆ.

"ನಮಗ್ಯಾಕೆ ಮೇಷ್ಟ್ರೇ ಇದು?" ಅಂತ ನಾನು ಕೇಳಿದೆ.

"ಜಗತ್ತನ್ನು ಬದಲಾಯಿಸೋಕೆ ಹೋದವರು ನೀವು. ಒಂದು ಸಲ ನೋಡಿಯಾದರೂ ನೋಡಿ ಅದನ್ನ" ಅಂದರು.

ಮೂರನೇ ವಾರಕ್ಕೆ ಉಳಿದದ್ದು ಮೂರು ಜನ. ಮೇಷ್ಟ್ರು, ನಾನು, ಅಂಟಕ್ಕ. ಮೇಷ್ಟ್ರು ತಮ್ಮ ಪೆಟ್ಟಿಗೆಯ ಮೇಲಿನ ಮಮತೆಗೆ ಬರುತ್ತಿದ್ದರು. ನನಗೆ ಮನೆಯಲ್ಲಿ ಕೂರಲು ಬೇಸರ. ಅಂಟಕ್ಕ ಮಾತ್ರ ಪಾಠಕ್ಕೇ ಬರುತ್ತಿದ್ದಳು. ನಾಲ್ಕು ಗಂಟೆಗೆ ಕಾಲು ತೊಳೆದುಕೊಂಡು, ಕನ್ನಡಕ ಸೆರಗಿನಿಂದ ಒರೆಸಿಕೊಂಡು, ಟಿ.ವಿ.ಗೆ ಎರಡು ಮೊಳ ದೂರದಲ್ಲಿ ಕುರ್ಚಿ ಹಾಕಿ ಕೂತರೆ ಬಾಯಿ ತೆರೆಯುವುದು ಮೇಷ್ಟ್ರು ಡಿಸ್ಕು ನಿಲ್ಲಿಸಿದಾಗಲೇ. ಪಾಠ ಇಂಗ್ಲಿಷಿನಲ್ಲಿತ್ತು. ಮೇಷ್ಟ್ರು ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಿ ಅರ್ಥ ಹೇಳುತ್ತಿದ್ದರು. ಅರ್ಧ ಗಂಟೆಯ ಪಾಠ ಎರಡು ಗಂಟೆ ಹಿಡಿಯುತ್ತಿತ್ತು.

ಆ ಭಾನುವಾರಗಳು ನನಗೆ ಈಗಲೂ ನೆನಪಾಗುತ್ತವೆ. ಕಿಟಕಿಯಿಂದ ಬಿಸಿಲು ಬಂದು ಟಿ.ವಿ.ಯ ಮೇಲೆ ಬೀಳದಿರಲಿ ಅಂತ ಹಳೆಯ ಕೆಂಪು ಬ್ಯಾನರನ್ನೇ ಪರದೆ ಕಟ್ಟಿದ್ದೆವು. ಬುದ್ಧನ ಮುಖದ ಮೇಲೆಲ್ಲ ಕೆಂಪು ಛಾಯೆ. ಚೀನಿಯರ ಮಸಿ ಚಿತ್ರ ಬಂದಾಗ ಮೇಷ್ಟ್ರು ಉತ್ಸಾಹದಿಂದ, "ನೋಡಿ, ಬೆಟ್ಟ ಇಷ್ಟೇ, ಉಳಿದದ್ದೆಲ್ಲ ಖಾಲಿ. ಆ ಖಾಲಿಯೇ ಮಂಜು, ಅದೇ ನೀರು, ಅದೇ ಆಕಾಶ" ಅಂದರು.

ಅಂಟಕ್ಕ ಕಣ್ಣು ಕಿರಿದು ಮಾಡಿ ನೋಡಿದಳು. "ಅರ್ಧ ಕಾಗದ ಬಿಟ್ಟಿದಾನೆ. ಅರ್ಧ ಕೂಲಿ ಕೊಟ್ಟಿರಬೇಕು ಪಾಪ."

ಚಿತ್ರ ಕೊಂಡವರೆಲ್ಲ ಅದರ ಮೇಲೆ ತಮ್ಮ ಕೆಂಪು ಮೊಹರು ಒತ್ತುತ್ತಿದ್ದರು ಅಂತ ಗೊತ್ತಾದಾಗ, "ನಮ್ಮ ಅರ್ಜಿಗಳ ಹಾಗೇ ಆಯ್ತು. ಬರೆದದ್ದು ಒಂದು ಸಾಲು, ಮೊಹರು ಹನ್ನೆರಡು" ಅಂದಳು. ಹೀಗೆ ತಮಾಷೆ ಮಾಡಿಕೊಂಡೇ ಎಲ್ಲವನ್ನೂ ನುಂಗಿಕೊಳ್ಳುತ್ತಿದ್ದಳು. ಬಲಗೈ ಎತ್ತಿ ಅಂಗೈ ತೋರಿಸಿದರೆ ಹೆದರಬೇಡ ಅಂತ ಅರ್ಥ, ಕೈ ಕೆಳಗಿಳಿಸಿ ನೆಲ ಮುಟ್ಟಿದರೆ ಭೂಮಿಯೇ ಸಾಕ್ಷಿ ಅಂತ. ಒಂದು ತಿಂಗಳಲ್ಲಿ ಮೇಷ್ಟ್ರಿಗಿಂತ ಮುಂಚೆ ಅವಳೇ ಹೇಳಿಬಿಡುತ್ತಿದ್ದಳು. ನನ್ನನ್ನು ನೋಡಿ, "ನೀನು ಮೂವತ್ತು ವರ್ಷ ಮುಷ್ಟಿ ಒಂದೇ ಹಿಡಿದೆಯಲ್ಲ ಕಾರ್ಯದರ್ಶಿ, ಕೈಗೆ ಇಷ್ಟೆಲ್ಲ ಬರುತ್ತೆ ನೋಡು" ಅಂದಳು.

ಬುದ್ಧನ ಮುಖ ಹತ್ತಿರದಿಂದ ಬಂದ ದಿನ ಅವಳು ತಮಾಷೆ ಮಾಡಲಿಲ್ಲ. ಅರ್ಧ ಮುಚ್ಚಿದ ಕಣ್ಣು. ಪೂರ್ತಿ ಮುಚ್ಚಿದರೆ ನಿದ್ದೆ, ಪೂರ್ತಿ ತೆರೆದರೆ ಪೇಟೆ, ನಡುವೆ ಇರುವುದು ಒಳಗೆ ಹಿಡಿದುಕೊಂಡಿರುವುದು ಅಂತ ಮೇಷ್ಟ್ರು ವಿವರಿಸಿದರು.

"ತಂಗಿ ಬರೆದ ಹೆಂಗಸಿನ ಕಣ್ಣೂ ಹೀಗೇ ಇತ್ತು" ಅಂದಳು ಅಂಟಕ್ಕ.

ಯಾವ ಹೆಂಗಸು ಅಂತ ಮೇಷ್ಟ್ರು ಕೇಳಿದರು. ಅವಳು ಎಲ್ಲ ಹೇಳಿದಳು, ನಾನು ಬಾಯಿ ತೆರೆಸಿದ್ದನ್ನೂ ಬಿಡದೆ.

"ಅವಳದು ಧ್ಯಾನ ಅಲ್ಲ ಮೇಷ್ಟ್ರೇ, ಉಚ್ಚೆ ತಡೆದುಕೊಂಡು ಕೂತಿದ್ದು" ಅಂತ ನಾನು ನಗಿಸಲು ನೋಡಿದೆ.

ಮೇಷ್ಟ್ರು ನಗಲಿಲ್ಲ. "ಹತ್ತು ಗಂಟೆ ತಡೆದುಕೊಂಡು ಕೂತು ನೋಡಿ, ಯಾವುದು ಧ್ಯಾನ ಗೊತ್ತಾಗುತ್ತೆ" ಅಂದರು. ಅಂಟಕ್ಕ ಅವರಿಗೆ ಅಂದಿನಿಂದ ಟೀಗೆ ಎರಡು ಚಮಚ ಸಕ್ಕರೆ ಹಾಕತೊಡಗಿದಳು.

ಹನ್ನೊಂದನೇ ಪಾಠ ಮರುಭೂಮಿಯ ಅಂಚಿನ ಗುಹೆಗಳದು. ಕಲ್ಲಿನ ಗೋಡೆಗೆ ಮಣ್ಣು, ಹುಲ್ಲು ಕಲಸಿ ಮೆತ್ತಿ, ಬಿಳಿ ಬಳಿದು, ಅದರ ಮೇಲೆ ಸಾವಿರ ಬುದ್ಧರು. ಮಧ್ಯೆ ಒಂದು ಕಡೆ ಚೌಕಾಕಾರದ ಬೋಳು ಕಾಣಿಸಿತು. ಹೊರಗಿನಿಂದ ಬಂದ ಒಬ್ಬ, ಬಟ್ಟೆಗೆ ಅಂಟು ಹಚ್ಚಿ ಚಿತ್ರದ ಮೇಲೆ ಒತ್ತಿ, ಸಿಪ್ಪೆ ಸುಲಿದ ಹಾಗೆ ಕಿತ್ತುಕೊಂಡು ಹೋದನಂತೆ. ಅಂಟಕ್ಕ ಕುರ್ಚಿಯಿಂದ ಎದ್ದೇ ಬಿಟ್ಟಳು. "ಅಂಟನ್ನ ಕಳ್ಳತನಕ್ಕೆ ಹಚ್ಚಿದ್ನಾ, ಹಾಳಾದವನು" ಅಂದಳು. ಅವಳ ಮಟ್ಟಿಗೆ ಬುದ್ಧ ಹೋದದ್ದು ಒಂದು ನಷ್ಟ, ಅಂಟಿಗೆ ಬಂದ ಅಪಮಾನ ಇನ್ನೂ ದೊಡ್ಡದು.

ಅದಾದ ಮೇಲೆ ಇನ್ನೊಂದು ಗುಹೆ. ಅಲ್ಲಿ ಒಂದು ಕಾಲದ ಚಿತ್ರದ ಮೇಲೆ ಇನ್ನೊಂದು ಕಾಲದವರು ಮಣ್ಣು ಮೆತ್ತಿ ಬೇರೆ ಚಿತ್ರ ಬರೆದಿದ್ದರು. ಮೇಲಿನದು ಚಕ್ಕೆ ಎದ್ದ ಕಡೆ ಕೆಳಗಿನ ಬಣ್ಣ, ಮೊನ್ನೆ ಬರೆದ ಹಾಗೆ, ಇಣುಕುತ್ತಿತ್ತು. ಮೇಲಿನ ಪದರ ಕಾದದ್ದರಿಂದಲೇ ಕೆಳಗಿನದು ಮಾಸಿರಲಿಲ್ಲ.

"ನಿಲ್ಲಿಸಿ ಮೇಷ್ಟ್ರೇ" ಅಂದಳು ಅಂಟಕ್ಕ. "ಒಂದರ ಕೆಳಗೆ ಇನ್ನೊಂದು ಇನ್ನೂ ಇದೆ ಅಂದ್ರಾ?"

"ಇದೆ ನೋಡಿ, ಕಣ್ಣೆದುರೇ ಇದೆ."

ಅವಳು ಟಿ.ವಿ.ಯ ಹತ್ತಿರ ಹೋಗಿ ಆ ಚಕ್ಕೆ ಎದ್ದ ಜಾಗವನ್ನು ಬಗ್ಗಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಆ ಚಿತ್ರ ಎಲ್ಲಿ ಹೋಯ್ತು ಅಂತ ನೀನು ಒಂದು ಸಲಾನೂ ಕೇಳಲಿಲ್ಲ ಅಲ್ವಾ" ಅಂದಳು. "ನೀವು ಬೇಡ ಅಂದ್ರಿ. ಅವತ್ತು ಅಂಟಿನ ಪರೀಕ್ಷೆಗೆ ಕಾಗದ ಬೇಕಿತ್ತು. ದಪ್ಪ ಕಾಗದ, ಹಾಳಾಗೋದು ಯಾಕೆ ಅಂತ ಅದನ್ನೇ ಅಂಟಿಸಿಬಿಟ್ಟೆ. ಅವಳೂ ನಕ್ಕಳು, ಹೋಗಲಿ ಅಕ್ಕ, ಗೋಡೆಗಾದರೂ ಬೇಕಾಯ್ತಲ್ಲ ಅಂತ. ಆಮೇಲೆ ಅದರ ಮೇಲೆ ಅಂಟಿಸ್ತಾನೇ ಹೋದೆ. ಅವಳು ಸತ್ತ ಮೇಲೂ. ಕೈಗೆ ಅದೇ ಜಾಗ ಅಭ್ಯಾಸ ಆಗಿತ್ತು."

ಕಾರ್ಖಾನೆಯ ಕಟ್ಟಡವನ್ನು ಮಾರಿ ವರ್ಷವಾಗಿತ್ತು. ಅಲ್ಲಿ ಅಂಗಡಿಗಳ ಸಾಲು ಬರುತ್ತದೆ ಅಂತ ಬೋರ್ಡು ನೆಟ್ಟಿದ್ದರು. ಮಾರನೇ ಬೆಳಿಗ್ಗೆ ಮೂವರೂ ಹೋದೆವು. ಮುಂದಿನ ಭಾಗದ ಹೆಂಚು ಇಳಿಸಿ ಆಗಿತ್ತು. ಅಂಟು ಕೋಣೆಯ ಬಾಗಿಲು ಒದ್ದು ತೆಗೆದರೆ, ಹುಳಿವಾಸನೆಯೇ ಮೊದಲು ಹೊರಗೆ ಬಂತು, ಅಷ್ಟು ವರ್ಷವಾದ ಮೇಲೂ. ಕಿಟಕಿಯ ಪಕ್ಕ ಗೋಡೆ ಉಬ್ಬಿಕೊಂಡು ಅಲ್ಲೇ ಇತ್ತು.

ಕೆಡವುವ ಕೆಲಸದ ಮೇಸ್ತ್ರಿ ಬೀಡಿ ಕಚ್ಚಿಕೊಂಡು ಬಂದ. "ಏನಮ್ಮ, ಚಿನ್ನಗಿನ್ನ ಹೂತಿದೀರಾ?"

"ಒಬ್ಬಳು ಕೂತಿದಾಳಪ್ಪ ಇದರೊಳಗೆ. ಎಬ್ಬಿಸಿಕೊಂಡು ಹೋಗಬೇಕು."

ಮೇಸ್ತ್ರಿ ಬೀಡಿ ಬಾಯಿಂದ ತೆಗೆದ. ಹುಚ್ಚೋ ನಿಜವೋ ಅಂತ ನಮ್ಮ ಮೂವರ ಮುಖ ನೋಡಿದ. ನಾನು ವಿವರಿಸಿದೆ. "ಶನಿವಾರ ಮಧ್ಯಾಹ್ನಕ್ಕೆ ಈ ಗೋಡೆಗೆ ಬರ್ತೀವಿ. ಅಷ್ಟರೊಳಗೆ ಎದ್ದರೆ ಎದ್ದಳು. ಇಲ್ಲದಿದ್ದರೆ ನನ್ನನ್ನ ಬೈಬಾರದು" ಅಂದ.

ಐದು ದಿನ. ಅಂಟಕ್ಕ ಅದರಲ್ಲಿ ಎರಡು ದಿನ ಗೋಡೆ ಮುಟ್ಟಲೇ ಇಲ್ಲ. ವಾಚನಾಲಯದಲ್ಲಿ ಕೂತು, ಇನ್ನೂ ನಾವು ನೋಡಿರದ ಹದಿನೇಳನೇ ಪಾಠವನ್ನು ಹಾಕಿಸಿಕೊಂಡಳು. ಅದರಲ್ಲಿ ಮುದುಕನೊಬ್ಬ ಇನ್ನೂರು ವರ್ಷದ ಹಳೆಯ ಚಿತ್ರವನ್ನು ಮೇಜಿನ ಮೇಲೆ ಮಕಾಡೆ ಮಲಗಿಸಿ, ಬಿಸಿನೀರು ಚಿಮುಕಿಸಿ, ಹಿಂದಿನ ಕಾಗದವನ್ನು ಬೆರಳ ತುದಿಯಿಂದ ಉಂಡೆ ಉಂಡೆಯಾಗಿ ಉರುಳಿಸಿ ತೆಗೆಯುತ್ತಾನೆ. ಅಂಟಕ್ಕ ಮೇಷ್ಟ್ರಿಗೆ ಅರ್ಥ ಹೇಳಲು ಬಿಡಲಿಲ್ಲ. "ಮಾತು ಬೇಡ, ಕೈ ತೋರಿಸ್ತಿದೆಯಲ್ಲ ಸಾಕು" ಅಂದಳು. ಮೂರು ಸಲ ನೋಡಿದಳು. ಮೂರನೇ ಸಲ ಅವಳ ಬೆರಳೂ ತೊಡೆಯ ಮೇಲೆ ಹಾಗೇ ಉರುಳುತ್ತಿತ್ತು.

"ಅವನದೂ ಹಿಟ್ಟಿನ ಅಂಟೇ" ಅಂದಳು ಕೊನೆಗೆ. "ಆದರೆ ಅವರು ಬಿಡಿಸೋಕೆ ಆಗೋ ಹಾಗೆ ತೆಳ್ಳಗೆ ಹಚ್ತಾರೆ. ಇನ್ನೂರು ವರ್ಷದ ಮೇಲೆ ಯಾರೋ ಬಂದು ಬಿಡಿಸಬೇಕು ಅಂತ ಅವರಿಗೆ ಮೊದಲೇ ಗೊತ್ತು. ನಾನು ಯಾರೂ ಕೀಳಬಾರದು ಅಂತ ಕಾಸಿದೆ."

ಬುಧವಾರ ಬೆಳಿಗ್ಗೆ ಸ್ಟೌ, ಕೆಟಲ್, ಹಳೆಯ ಟವೆಲ್ಲುಗಳು, ಕಾಗದ ಮಡಚುವ ಬಿದಿರಿನ ಪಟ್ಟಿ ತೆಗೆದುಕೊಂಡು ಹೋದೆವು. ನನ್ನ ಕೆಲಸ ನೀರು ಕಾಯಿಸುವುದು. ಮೇಷ್ಟ್ರ ಕೆಲಸ ಟವೆಲ್ ಹಿಂಡಿ ಕೊಡುವುದು. ಬಿಸಿ ಟವೆಲ್ ಗೋಡೆಗೆ ಒತ್ತಿ ಹಿಡಿದು, ಅಂಟು ಮೆತ್ತಗಾದ ಮೇಲೆ ಪಟ್ಟಿಯ ತುದಿಯಿಂದ ಒಂದು ಮೂಲೆ ಎಬ್ಬಿಸುವುದು ಅವಳದು.

ಹನ್ನೊಂದು ಪದರ ಇತ್ತು. ಒಂದೊಂದು ಎದ್ದಾಗಲೂ ಒಂದೊಂದು ವರ್ಷ ಎದ್ದು ಬಂತು. ಮೇಲಿನದು ಬಸ್ ದರದ ಹೋರಾಟದ್ದು. ನಾವು ಸೋತೆವು. ಅದರ ಕೆಳಗೆ ನಲ್ಲಿ ನೀರಿನದು, ಅರ್ಧ ಗೆದ್ದದ್ದು, ಅಂದರೆ ನಲ್ಲಿ ಬಂತು, ನೀರು ಬರಲಿಲ್ಲ. ಅದರ ಕೆಳಗಿನದು ಏನು ಅಂತ ಮೂವರಿಗೂ ನೆನಪಾಗಲಿಲ್ಲ. 'ಖಂಡಿಸುತ್ತೇವೆ' ಅನ್ನುವ ಮಾತು ಒಂದೇ ಉಳಿದಿತ್ತು. ಯಾರನ್ನು, ಯಾಕೆ, ಗೊತ್ತಿಲ್ಲ. ಐದನೆಯದರಲ್ಲಿ ನನ್ನದೇ ಮುಖ ಬಂತು, ತಲೆತುಂಬ ಕೂದಲು. ಒಂದು ಕಾಲದಲ್ಲಿ ನಾನು ನಗರಸಭೆಗೆ ನಿಂತು ಠೇವಣಿ ಕಳೆದುಕೊಂಡಿದ್ದೆ. ಬಿಸಿ ಟವೆಲ್ ಇಟ್ಟ ಕೂಡಲೇ ಅದು ಒಂದೇ ಎಳೆತಕ್ಕೆ ಪೂರ್ತಿ ಬಂತು.

"ಕಾರ್ಯದರ್ಶಿ ಸುಲಭವಾಗಿ ಎದ್ದ" ಅಂದಳು ಅಂಟಕ್ಕ. "ಅವತ್ತೇ ಅನ್ನಿಸಿತ್ತು ನನಗೆ, ಹಿಡಿತ ಸಾಲದು ಅಂತ."

ಆಚೆ ಮೇಸ್ತ್ರಿಯ ಜನ ಗೋಡೆ ಬೀಳಿಸುತ್ತಿದ್ದರು. ಪ್ರತಿ ಹೊಡೆತಕ್ಕೂ ನಮ್ಮ ಗೋಡೆಯಿಂದ ಸುಣ್ಣ ಉದುರುತ್ತಿತ್ತು. ಶುಕ್ರವಾರ ಮಧ್ಯಾಹ್ನ ಕಂದು ಕಾಗದ ಕಂಡಿತು. ಅಂಟಕ್ಕ ಟವೆಲ್ ಕೆಳಗಿಟ್ಟು, ಒದ್ದೆ ಹತ್ತಿ ಉಂಡೆಯಿಂದ ಕಪ್ಪು ಗೆರೆಯ ಒಂದು ಮೂಲೆಯನ್ನು ಒತ್ತಿ ನೋಡಿದಳು. ಪಾಠದ ಮುದುಕನೂ ಮೊದಲು ಹಾಗೇ ಮಾಡಿದ್ದ. ನೀರಿಗೆ ಬಣ್ಣ ಬಿಟ್ಟರೆ ಅಲ್ಲಿಗೆ ಮುಗಿಯಿತು. ಹತ್ತಿ ಬೆಳ್ಳಗೇ ಇತ್ತು. ಮುದ್ರಣಾಲಯದ ಮಸಿ, ಎಣ್ಣೆಯದು. ಅವಳು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಸಂಜೆಯೊಳಗೆ ಮೇಲಿನದೆಲ್ಲ ಹೋಗಿ ಹೆಂಗಸು ಪೂರ್ತಿ ಕಂಡಳು. ಕೂತಿದ್ದಳು, ಬೆನ್ನು ಸೆಟೆದು. ಕಣ್ಣು ಅರ್ಧ ಮುಚ್ಚಿ. ಬಿಗಿದ ತುಟಿಯ ಎಡಗಡೆ ಮಾತ್ರ ಒಂದು ಚೂರು ಎಳೆದುಕೊಂಡಿತ್ತು, ಇನ್ನು ಐದು ನಿಮಿಷ ಅಷ್ಟೇ ನನ್ನಿಂದ ಆಗುವುದು ಅನ್ನುವ ಹಾಗೆ. ಮೂವತ್ತು ಚಿಲ್ಲರೆ ವರ್ಷದ ಹಿಂದೆ ಇದೇ ಚಿತ್ರವನ್ನು ನನ್ನ ಕೈಯಲ್ಲಿ ಹಿಡಿದು ನೋಡಿದ್ದೆ. ಈ ತುಟಿಯನ್ನು ನೋಡಿರಲಿಲ್ಲ. ನಾವು ಅಚ್ಚು ಹಾಕಿಸಿದ ಹೆಂಗಸು ಊರಿನ ಯಾವ ಪೋಸ್ಟರಿನಲ್ಲಾದರೂ ಇರಬಹುದಾದವಳು. ಇವಳು ಆ ಕಾರ್ಖಾನೆಯಲ್ಲಿ ಮಾತ್ರ ಇದ್ದವಳು.

ಮೇಷ್ಟ್ರು ಕನ್ನಡಕ ತೆಗೆದು ಹಾಕಿ ಮಾಡಿದರು. "ಮೂವತ್ತೈದು ವರ್ಷ ಕಲಿಸಿದೆ. ಈ ಬೆನ್ನಿನ ಗೆರೆ ಒಬ್ಬಳಿಗೂ ಬರಲಿಲ್ಲ" ಅಂದರು.

ಎಬ್ಬಿಸುವುದು ಶನಿವಾರಕ್ಕೆ ಉಳಿಯಿತು. ಬೆಳಿಗ್ಗೆ ಏಳರಿಂದ ಹತ್ತರವರೆಗೆ ಒಂದು ಗೇಣು ಬಂತು. ಮೊದಲ ಹೋರಾಟದ ಅಂಟು, ಅವಳು ಅತಿ ಹೆಚ್ಚು ಹೊತ್ತು ತಿರುಗಿಸಿದ್ದು. ಹನ್ನೊಂದಕ್ಕೆ ಮೇಸ್ತ್ರಿ ಬಂದು ಬಾಗಿಲಲ್ಲಿ ನಿಂತ. ಕೈಗಡಿಯಾರ ನೋಡಿಕೊಂಡ.

ಮೇಷ್ಟ್ರು ಹಿಂಜರಿಯುತ್ತ ಹೇಳಿದರು: "ಗುಹೇಲಿ ಆ ಕಳ್ಳ ಮಾಡಿದ್ನಲ್ಲ, ಬಟ್ಟೆಗೆ ಅಂಟು ಹಚ್ಚಿ ಮುಂದಿನಿಂದ ಎಳೆದುಬಿಡೋದು. ಹತ್ತು ನಿಮಿಷದಲ್ಲಿ ಕೆಲಸ ಆಗುತ್ತೆ. ನಮ್ಮದೇ ಚಿತ್ರ, ಕಳ್ಳತನ ಅಲ್ಲ."

"ಅವನು ಎಳೆದಾಗ ಅರ್ಧ ಗೋಡೆಯಲ್ಲೇ ಉಳೀತು ಅಂತ ನೀವೇ ಅಲ್ವಾ ಅರ್ಥ ಹೇಳಿದ್ದು" ಅಂದಳು ಅಂಟಕ್ಕ, ತಿರುಗಿ ನೋಡದೆ. "ನೀರು ಕೊಡು ಕಾರ್ಯದರ್ಶಿ."

ಕೊಟ್ಟೆ. ಒಂದೂವರೆಗೆ ಅವಳ ಬೆರಳಿನ ತುದಿಗಳು ಬೆಂದು ಬೆಳ್ಳಗೆ ಸುಕ್ಕಾಗಿದ್ದವು. ತಲೆ ಬಂತು, ಭುಜ ಬಂತು, ತೊಡೆಯ ಮೇಲಿನ ಕಾಗದದ ರಾಶಿ ಬಂತು. ಎಡ ಮೊಣಕಾಲು ಬರಲಿಲ್ಲ. ಅಂಗೈಯಗಲದ ಜಾಗ, ಗೋಡೆಗೇ ಕಚ್ಚಿಕೊಂಡಿತು. ಮೂರು ಸಲ ಬಿಸಿ ಕೊಟ್ಟಳು. ಪಟ್ಟಿ ಹಾಕಿ ನೋಡಿದಳು. ಮೇಸ್ತ್ರಿಯ ಜನ ಹಾರೆ ಹಿಡಿದು ಹೊರಗೆ ನಿಂತಿದ್ದರು, ಅವರಲ್ಲೊಬ್ಬ ತಾನಾಗಿಯೇ ಒಂದು ಬಕೆಟ್ ನೀರು ತಂದಿಟ್ಟ.

"ಸಾಕು" ಅಂದಳು. "ಅಲ್ಲಿ ನನ್ನ ಅಂಟು ಗೆದ್ದಿತು." ಮೊಣಕಾಲನ್ನು ಗೋಡೆಗೇ ಬಿಟ್ಟು, ಸುತ್ತ ಪಟ್ಟಿಯಿಂದ ಸವರಿ ಬಿಡಿಸಿ, ಒದ್ದೆ ಚಿತ್ರವನ್ನು ಎರಡು ಕೈಯಲ್ಲಿ, ಮಗು ಮೀಯಿಸಿ ಎತ್ತಿಕೊಂಡ ಹಾಗೆ ಹಿಡಿದು ಹೊರಗೆ ಬಂದಳು. ಮೇಸ್ತ್ರಿ ಬಗ್ಗಿ ನೋಡಿದ.

"ಇದೇನಾ? ಏನಾಗಿದೆ ಈಯಮ್ಮನಿಗೆ, ಹೊಟ್ಟೆನೋವಾ?"

"ಅಂತೂ ಒಬ್ಬ ಗಂಡಸಿಗೆ ತಿಳೀತಪ್ಪ" ಅಂದಳು ಅಂಟಕ್ಕ.

ವಾಚನಾಲಯದ ಮೇಜಿನ ಮೇಲೆ ಚಿತ್ರವನ್ನು ಮಕಾಡೆ ಮಲಗಿಸಿ, ಹಿಂದಿನಿಂದ ಹೊಸ ಕಾಗದ ಅಂಟಿಸಿದಳು. ಈ ಸಲ ಅಂಟು ತೆಳ್ಳಗೆ ಕಾಸಿದಳು, ನೀರು ಹೆಚ್ಚು ಹಾಕಿ. ಒಣಗಿದ ಮೇಲೆ ತಿರುಗಿಸಿದರೆ ಮೊಣಕಾಲಿನ ಜಾಗದಲ್ಲಿ ಬರೀ ಕಾಗದ ಕಾಣುತ್ತಿತ್ತು. ಮೇಷ್ಟ್ರು ಆಗಲೇ ಬ್ರಷ್, ಮಸಿ ತಂದಿಟ್ಟುಕೊಂಡಿದ್ದರು.

"ಎರಡು ಗೆರೆ ತಾನೇ. ಬಲ ಮೊಣಕಾಲು ಇದೆಯಲ್ಲ, ಅದನ್ನ ನೋಡಿಕೊಂಡು ಎಡದ್ದನ್ನ ಕೂರಿಸಿಬಿಡ್ತೀನಿ. ಗೊತ್ತೇ ಆಗಲ್ಲ."

"ಬೇಡ ಮೇಷ್ಟ್ರೇ."

"ಚಿತ್ರ ಪೂರ್ತಿ ಆಗುತ್ತಲ್ಲಮ್ಮ."

"ಗುಹೇಲಿ ಹೋದ ಜಾಗಕ್ಕೆ ಬರೀ ಮಣ್ಣಿನ ಬಣ್ಣ ತುಂಬ್ತಾರೆ, ಹೊಸದಾಗಿ ಬರೆಯಲ್ಲ. ನೀವೇ ಹೇಳಿದ್ದು. ಹೋದದ್ದು ಹೋಗಿದೆ ಅಂತ ಕಾಣಲಿ." ಆಮೇಲೆ ನನ್ನ ಕಡೆ ನೋಡಿದಳು. ಕೋಪವಿರಲಿಲ್ಲ. "ಇವಳನ್ನ ಒಂದು ಸಲ ಬೇರೆ ಬರೆಸಿ ಆಗಿದೆ. ಏನಂತೀಯ ಕಾರ್ಯದರ್ಶಿ?"

ಮೇಷ್ಟ್ರೂ ನನ್ನನ್ನೇ ನೋಡಿದರು. ಆ ಹೊತ್ತಿಗೆ ಸಮಿತಿಯಲ್ಲಿ ಉಳಿದವನು ನಾನೊಬ್ಬನೇ.

"ತಂಗಿ ಬರೆದ ಹಾಗೇ ಇರಲಿ" ಅಂದೆ.

"ನಡವಳಿಯಲ್ಲಿ ಬರಕೋ" ಅಂದು, ಕಂದು ಕಾಗದದ ಬಣ್ಣಕ್ಕೆ ಹೊಂದುವಂತೆ ಟೀ ಡಿಕಾಕ್ಷನ್ನಿನಲ್ಲಿ ಬಟ್ಟೆ ಅದ್ದಿ ಆ ಖಾಲಿ ಜಾಗವನ್ನು ಒತ್ತಿದಳು.

ಅದಕ್ಕೆ ಚೌಕಟ್ಟು ಹಾಕಿಸೋಣ, ವಾಚನಾಲಯದ ಗೋಡೆಗೆ ತೂಗುಹಾಕೋಣ ಅಂತ ನಾನು ಹೇಳಿ ನೋಡಿದೆ. ಅವಳು ಕೇಳಲಿಲ್ಲ. ಚೀನಿಯರು ಚಿತ್ರವನ್ನು ಸದಾ ಗೋಡೆಯ ಮೇಲೆ ಬಿಡುವುದಿಲ್ಲ, ಸುತ್ತಿ ಇಡುತ್ತಾರೆ, ನೋಡಬೇಕಾದವರು ಬಂದಾಗ ಬಿಚ್ಚುತ್ತಾರೆ. ಇದೂ ಪಾಠದಲ್ಲಿತ್ತು. ಮುರಿದ ಪೊರಕೆ ಕೋಲನ್ನು ಎರಡು ತುಂಡು ಮಾಡಿ ಮೇಲೊಂದು ಕೆಳಗೊಂದು ಅಂಟಿಸಿ ಸುರುಳಿ ಮಾಡಿಕೊಂಡಳು. "ಗೋಡೆ ಸಾಕಾಯ್ತು ಇವಳಿಗೆ" ಅಂದಳು.

ಪೆಟ್ಟಿಗೆಯ ಪಾಠಗಳೆಲ್ಲ ಮುಗಿದು ಬಹಳ ವರ್ಷವಾಯಿತು. ಡಿಸ್ಕು ಹಾಕುವ ಯಂತ್ರವೂ ಕೆಟ್ಟು ಕೂತಿದೆ. ಮೇಷ್ಟ್ರು ಹೋದ ವರ್ಷ ತೀರಿಕೊಂಡರು. ಅಂಟಕ್ಕ ಒಂದೇ ಕೋಣೆಯ ಮನೆಯಲ್ಲಿ ಇದ್ದಾಳೆ, ಕಿವಿ ಸ್ವಲ್ಪ ಮಂದ, ನಾಲಿಗೆ ಇದ್ದ ಹಾಗೇ ಇದೆ. ತಿಂಗಳಿಗೊಮ್ಮೆ ಹೋಗುತ್ತೇನೆ. ಮೊದಲು ಕೈ ತೊಳೆಸುತ್ತಾಳೆ, ಸೋಪು ಹಾಕಿ, ಮೊಣಕೈವರೆಗೆ. ಆಮೇಲೆ ಬೀರುವಿನ ಮೇಲಿಂದ ಸ್ಟೂಲು ಹತ್ತಿ ಸುರುಳಿ ಇಳಿಸುವುದು ನನ್ನ ಕೆಲಸ. ಮೊಳೆಗೆ ಸಿಕ್ಕಿಸಿ ಮೆಲ್ಲಗೆ ಕೆಳಗೆ ಬಿಡುತ್ತೇನೆ. ಮೊದಲು ನೆತ್ತಿ, ಆಮೇಲೆ ಕಣ್ಣು, ಆಮೇಲೆ ಆ ತುಟಿ. ಇಬ್ಬರೂ ಕುರ್ಚಿ ಹಾಕಿ ಕೂತು ನೋಡುತ್ತೇವೆ. ಮಾತಾಡಿದರೆ ಗಂಟು ಅಂತ ನನಗೂ ಈಗ ಗೊತ್ತಿದೆ.

ಸ್ವಲ್ಪ ಹೊತ್ತಾದ ಮೇಲೆ ಅವಳೇ ಕೇಳುತ್ತಾಳೆ: "ನೋಡಿದ್ಯಾ?"

"ನೋಡಿದೆ ಅಕ್ಕ."

"ಸರಿ, ಸುತ್ತು ಹಾಗಾದ್ರೆ. ಹೋಗೋಕೆ ಮುಂಚೆ ಹಿತ್ತಲಿಗೆ ಹೋಗಿ ಬಾ. ಬಸ್ಸಿನಲ್ಲಿ ತಡೆದುಕೊಂಡು ಕೂರಬೇಡ."